ಸೋಮವಾರದ ಒಲೆ

ಯುದ್ಧದ ಇತಿಹಾಸವೆಂದರೆ ಗಡಿಯ ಇತಿಹಾಸವೆಂದೇ ನಾವು ಭಾವಿಸುತ್ತೇವೆ. ಈ ಸಂಪುಟಕ್ಕಾಗಿ 1965ರ ಭಾರತ–ಪಾಕಿಸ್ತಾನ ಯುದ್ಧವನ್ನು ಚಿತ್ರಿಸಲು ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿದಾಗ, ಅವಳು ಮೊದಲು ಬರೆದದ್ದೂ ಬಂದೂಕು ಹಿಡಿದ ಯೋಧನನ್ನೇ. “ಆಗ ಮನೆಯಲ್ಲಿ ಏನು ನಡೆಯಿತೆಂದು ನಿಮ್ಮ ಅಜ್ಜಿಯನ್ನು ಕೇಳಮ್ಮ” ಎಂದೆ.

ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿ ಆಗ ಹನ್ನೆರಡು ವರ್ಷಗಳಾಗಿದ್ದವು. ಅದಕ್ಕೂ ಮುನ್ನ, 1962ರ ಚೀನಾ ಯುದ್ಧಕಾಲದಲ್ಲಿ, ದೇಶದ ಹೆಂಗಳೆಯರು ರಕ್ಷಣಾ ನಿಧಿಗೆ ಒಡವೆಗಳನ್ನು ಅರ್ಪಿಸಿದ್ದರು. ಜವಾನರಿಗಾಗಿ ಸ್ವೆಟರ್ ಹೆಣೆದಿದ್ದರು. 1965ರಲ್ಲಿ ಯುದ್ಧದ ಜೊತೆಗೆ ಧಾನ್ಯದ ಅಭಾವವೂ ಇತ್ತು. ಅಮೆರಿಕದ ಗೋಧಿಯನ್ನು ನೆಚ್ಚಬೇಕಾದ ಸ್ಥಿತಿ. ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೋರಿದರು. ಅನೇಕ ಮನೆಗಳಲ್ಲಿ ಸೋಮವಾರ ಸಂಜೆ ಒಲೆ ಹೊತ್ತಲಿಲ್ಲ. “ಮಧ್ಯಾಹ್ನದ ರೊಟ್ಟಿ ನನಗೆ ಕೊಟ್ಟು, ಅವ್ವ ನೀರು ಕುಡಿದು ಮಲಗುತ್ತಿದ್ದಳು” ಎಂದರಂತೆ ಆ ಅಜ್ಜಿ.

ಹುಡುಗಿ ಯೋಧನನ್ನು ಅಳಿಸಿ, ಆರಿದ ಒಲೆಯನ್ನೂ ಅದರ ಮುಂದೆ ಕುಳಿತ ತಾಯಿ-ಮಗಳನ್ನೂ ಬರೆದಳು. ಬಂದೂಕಿನ ಗೆರೆ ಇನ್ನೂ ಮಸುಕಾಗಿ ಕಾಣುತ್ತದೆ. ಶಾಯಿಯಿಂದ ತಿದ್ದಿಕೊಡುವೆನೆಂದಳು, ಬೇಡವೆಂದು ಆ ಪೆನ್ಸಿಲ್ ಕರಡನ್ನೇ ಅಚ್ಚಿಗೆ ಕೊಟ್ಟಿದ್ದೇನೆ. ಆ ಸೋಮವಾರಗಳನ್ನು ಕಂಡವರು ನಮ್ಮೂರಿನಲ್ಲಿ ವಿರಳವಾಗುತ್ತಿದ್ದಾರೆ. ಅವರ ಮಾತನ್ನು ಕನ್ನಡದಲ್ಲಿ ಬರೆದಿಡಬಲ್ಲ ಮಕ್ಕಳೂ ವಿರಳವಾಗುತ್ತಿದ್ದಾರೆ.