ಸೀಟು ಮೊದಲು, ಶಾಖೆ ಆಮೇಲೆ: ಕರ್ನಾಟಕದಲ್ಲಿ ಕಂಪ್ಯೂಟರ್ ವ್ಯಾಸಂಗದ ದಾರಿಗಳು

ಪಿಯುಸಿ ಮುಗಿದ ಮೇಲೆ ಯಾವ ಕೋರ್ಸು ಸೇರಿದರೆ ಸಾಫ್ಟ್‌ವೇರ್ ಕೆಲಸ ಸಿಗುತ್ತದೆ ಎಂಬುದು ಕರ್ನಾಟಕದಲ್ಲಿ ಇಂದು ಮನೆಮನೆಯ ಪ್ರಶ್ನೆಯಾಗಿದ್ದರೂ, ಅದಕ್ಕೆ ದೊರೆಯುವ ಉತ್ತರಗಳ ಚೌಕಟ್ಟು ರೂಪುಗೊಂಡದ್ದು ಕಂಪ್ಯೂಟರ್ ಉದ್ಯಮ ಇಲ್ಲಿಗೆ ಕಾಲಿಡುವುದಕ್ಕೂ ಮೊದಲು. ಉದ್ಯಮಕ್ಕೆ ಬೇಕಾದಂತೆ ಶಿಕ್ಷಣ ಬೆಳೆಯಿತು ಎನ್ನುವುದಕ್ಕಿಂತ, ಬೇರೆ ಉದ್ದೇಶಕ್ಕಾಗಿ ಸೃಷ್ಟಿಯಾಗಿದ್ದ ಎಂಜಿನಿಯರಿಂಗ್ ಸೀಟುಗಳನ್ನು ಉದ್ಯಮ ತನ್ನದಾಗಿಸಿಕೊಂಡಿತು ಎನ್ನುವುದೇ ಈ ಚರಿತ್ರೆಗೆ ಹೆಚ್ಚು ಹೊಂದುತ್ತದೆ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1946ರಲ್ಲಿ ಅದೇ ಊರಿನಲ್ಲಿ ಬಿ.ಎಂ.ಎಸ್. ಕಾಲೇಜು, ಮೈಸೂರಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, ಮರುವರ್ಷ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು ಹುಟ್ಟಿಕೊಂಡವು. ಮುಂದೆ ಮಣಿಪಾಲ ಮತ್ತು ಸುರತ್ಕಲ್‌ಗಳ ಸರದಿ ಬಂದು, 1963ರಲ್ಲಿ ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲೂ ಸಿದ್ಧಗಂಗಾ ಮಠದ ಆಶ್ರಯದಲ್ಲಿ ತುಮಕೂರಿನಲ್ಲೂ ಕಾಲೇಜುಗಳು ತಲೆಯೆತ್ತಿದವು. 1979ರಲ್ಲಿ ರಾಜ್ಯ ಒಕ್ಕಲಿಗರ ಸಂಘವು ಬೆಂಗಳೂರಿನಲ್ಲಿ ತನ್ನದೇ ತಾಂತ್ರಿಕ ಕಾಲೇಜನ್ನು ತೆರೆಯಿತು. ಮಠಗಳೂ ಸಮುದಾಯದ ಸಂಘಗಳೂ ಈ ಕೆಲಸಕ್ಕೆ ಕೈಹಾಕಿದಾಗ ಅವುಗಳ ಮನಸ್ಸಿನಲ್ಲಿದ್ದದ್ದು ಲೋಕೋಪಯೋಗಿ ಇಲಾಖೆ, ವಿದ್ಯುತ್ ಮಂಡಳಿ, ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ.ಯಂಥ ಕಡೆ ತಮ್ಮವರ ಮಕ್ಕಳಿಗೆ ದೊರಕಬಹುದಾದ ಭದ್ರ ನೌಕರಿಯೇ ಹೊರತು ಪ್ರೋಗ್ರಾಮ್ ಬರೆಯುವ ಕಸುಬಲ್ಲ. ಸರ್ಕಾರದ ಅನುದಾನವಿಲ್ಲದ ಕಾಲೇಜುಗಳು ನಿಗದಿತ ಶುಲ್ಕದ ಮೇಲೆ ಪಡೆಯುತ್ತಿದ್ದ ಹೆಚ್ಚುವರಿ ಹಣವೇ ಕ್ಯಾಪಿಟೇಷನ್ ಶುಲ್ಕ, ಜನರ ಮಾತಿನಲ್ಲಿ ‘ಡೊನೇಷನ್’. ಅದನ್ನು ನಿಷೇಧಿಸಲು ರಾಜ್ಯ 1984ರಲ್ಲಿ ಕಾನೂನನ್ನೇ ತಂದಿತಾದರೂ, ಅದೇ ಹಣದ ಬಲದಿಂದ ಸೀಟುಗಳ ಸಂಖ್ಯೆ ಏರಿತೆಂಬುದನ್ನು ಮರೆಮಾಚುವಂತಿಲ್ಲ.

ಕಂಪ್ಯೂಟರ್ ವ್ಯಾಸಂಗದ ಬೇರು ಇದ್ದದ್ದು ಇನ್ನೊಂದು ಕಡೆ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂದ ಮೇಲೆ ಅಲ್ಲಿ ಪ್ರೋಗ್ರಾಮಿಂಗ್ ಬೋಧನೆಗೆ ಅಡಿಪಾಯ ಹಾಕಿದವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಪ್ರಮುಖರು. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ, ಮುಂದೆ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ಸ್ನಾತಕೋತ್ತರ ವ್ಯಾಸಂಗಕ್ಕೆ ಹೋದದ್ದೂ ಕಾನ್ಪುರಕ್ಕೇ. ದೇಶಕ್ಕೆ ಬೇಕಾಗುವ ಕಂಪ್ಯೂಟರ್ ತಜ್ಞರ ಸಂಖ್ಯೆಯನ್ನು ಎಂಜಿನಿಯರಿಂಗ್ ಕಾಲೇಜುಗಳಷ್ಟೇ ಪೂರೈಸಲಾರವೆಂಬ ಕಾರಣಕ್ಕೆ, ವಿಜ್ಞಾನ ಅಥವಾ ವಾಣಿಜ್ಯ ಪದವೀಧರರೂ ಸೇರಬಹುದಾದ ಎಂಸಿಎ ಎಂಬ ಸ್ನಾತಕೋತ್ತರ ಪದವಿಯನ್ನು ಶಿಫಾರಸು ಮಾಡಿದ್ದು ರಾಜಾರಾಮನ್ ಅವರ ಅಧ್ಯಕ್ಷತೆಯ ಸಮಿತಿಯೇ. ಬಿಎಸ್ಸಿ ಮುಗಿಸಿ ಬಿ.ಇಡಿ. ಮಾಡುವುದೋ ಬ್ಯಾಂಕ್ ಪರೀಕ್ಷೆ ಕಟ್ಟುವುದೋ ಎಂದು ಯೋಚಿಸುತ್ತಿದ್ದವರಿಗೆ 1980ರ ದಶಕದಲ್ಲಿ ತೆರೆದ ಪಕ್ಕದ ಬಾಗಿಲು ಅದು.

ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. ಆರ್ಥಿಕ ಉದಾರೀಕರಣದ ನಂತರ ಕಂಪನಿಗಳ ನೇಮಕಾತಿ ಹೆಚ್ಚಿದಾಗ ಕಂಪ್ಯೂಟರ್ ಸೈನ್ಸ್ ಶಾಖೆಯ ಪದವೀಧರರು ಸಾಕಾಗಲಿಲ್ಲ. ಆದ್ದರಿಂದ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂದು ನೋಡದೆ, ತರ್ಕ ಮತ್ತು ಗಣಿತದ ಒಗಟುಗಳಿಂದ ಕೂಡಿದ ಪರೀಕ್ಷೆಯಲ್ಲಿ ಗೆದ್ದವರನ್ನು ಆರಿಸಿಕೊಂಡು, ಕೆಲವು ತಿಂಗಳು ತಾವೇ ತರಬೇತಿ ಕೊಟ್ಟು ದುಡಿಸಿಕೊಂಡವು. ವಿಪ್ರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು ಪಿಲಾನಿಯ ಬಿಟ್ಸ್ ಸಹಯೋಗದಲ್ಲಿ ಸ್ನಾತಕೋತ್ತರ ಪದವಿ ಓದಿಸುವ ಯೋಜನೆಯನ್ನು 1995ರಲ್ಲಿ ಆರಂಭಿಸಿತು. ಏನು ಓದಿದ್ದಾರೆ ಎಂಬುದಕ್ಕಿಂತ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತೇ ಎಂಬುದೇ ಮುಖ್ಯವಾದ ಕಾಲವದು, ಮತ್ತು ಪೋಷಕರು ಇದನ್ನು ಶಿಕ್ಷಣ ತಜ್ಞರಿಗಿಂತ ಬೇಗ ಗ್ರಹಿಸಿದರು.

ಸೀಟು ಹಂಚುವ ಕ್ರಮ ಬದಲಾದದ್ದೂ ಇದೇ ವರ್ಷಗಳಲ್ಲಿ. ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಖಾಸಗಿ ವೃತ್ತಿ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಕಡಿಮೆ ಶುಲ್ಕದ ‘ಫ್ರೀ ಸೀಟು’ಗಳೆಂದೂ ಉಳಿದರ್ಧವನ್ನು ‘ಪೇಮೆಂಟ್ ಸೀಟು’ಗಳೆಂದೂ ವಿಂಗಡಿಸಿ, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕೆಂದು ವಿಧಿಸಿತು, ಮರುವರ್ಷದಿಂದ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಜಾರಿಗೆ ಬಂದಿತು. ಆನ್‌ಲೈನ್ ವ್ಯವಸ್ಥೆ ಬರುವ ಮುನ್ನ ಬೀದರ್, ಬಳ್ಳಾರಿ, ಕಾರವಾರಗಳಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದ ವಿದ್ಯಾರ್ಥಿ ಮತ್ತು ಪೋಷಕರ ಕೈಯಲ್ಲಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಡಿ.ಡಿ., ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇದ್ದ ಗ್ರಾಮೀಣ ವ್ಯಾಸಂಗ ಪತ್ರಗಳ ಕಟ್ಟು ಇರುತ್ತಿತ್ತು. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದವರಿಗೂ ಪ್ರತ್ಯೇಕ ಮೀಸಲು ಇದ್ದುದರಿಂದ ಆ ಒಂದು ಪತ್ರದ ಮೇಲೆ ಕಾಲೇಜೇ ಬದಲಾಗಬಹುದಿತ್ತು. ತಮ್ಮ ರ‍್ಯಾಂಕಿನ ಸರದಿ ಬಂದಾಗ ಉಳಿದ ಸೀಟುಗಳ ಪಟ್ಟಿ ನೋಡಿ, ಬೆಂಗಳೂರಿನ ಹೆಸರಾಂತ ಕಾಲೇಜಿನ ಸಿವಿಲ್ ಶಾಖೆಯೋ ದೂರದ ಊರಿನ ಹೊಸ ಕಾಲೇಜಿನ ಕಂಪ್ಯೂಟರ್ ಸೈನ್ಸೋ ಎಂಬುದನ್ನು ನಿಂತ ನಿಲುವಿನಲ್ಲಿ ತೀರ್ಮಾನಿಸಬೇಕಾಗಿತ್ತು. ಕ್ಯಾಂಪಸ್ ನೇಮಕಾತಿಯ ತರ್ಕವನ್ನು ಬಲ್ಲವರು ಕಾಲೇಜಿನ ಹೆಸರನ್ನು ಆರಿಸಿದರು, ಅರಿಯದವರು ಶಾಖೆಯನ್ನು ಆರಿಸಿದರು. ಸಿಇಟಿ ಅರ್ಹತೆಯನ್ನು ಅಳೆಯಿತು ನಿಜ. ಈ ಬಗೆಯ ತಿಳಿವಳಿಕೆಯನ್ನು ಹಂಚುವುದು ಅದರ ಕೈಯಲ್ಲಿರಲಿಲ್ಲ.

ಸೀಟು ಸಿಗದವರ ಜಗತ್ತು ತಾಲ್ಲೂಕು ಕೇಂದ್ರಗಳಲ್ಲಿತ್ತು. ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆಗಳಿಗೆ ತಯಾರು ಮಾಡುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು 1990ರ ದಶಕದಲ್ಲಿ ರೆಮಿಂಗ್ಟನ್ ಯಂತ್ರಗಳ ಪಕ್ಕದಲ್ಲಿ ಒಂದೆರಡು ಕಂಪ್ಯೂಟರ್‌ಗಳನ್ನಿಟ್ಟು, ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್, ಆಮೇಲೆ ಟ್ಯಾಲಿ ಕಲಿಸತೊಡಗಿದವು. ನಗರಗಳಲ್ಲಿ 1981ರಲ್ಲಿ ಸ್ಥಾಪನೆಯಾದ ಎನ್‌ಐಐಟಿಯಂಥ ದುಬಾರಿ ಖಾಸಗಿ ಕೇಂದ್ರಗಳಿದ್ದರೆ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಣ್ಣ ಊರುಗಳಲ್ಲೂ ತರಬೇತಿ ಕೇಂದ್ರಗಳನ್ನು ನಡೆಸಿತು. ಇಂಥ ಖಾಸಗಿ ಕಲಿಕೆಗೆ ಒಂದು ಮಟ್ಟವನ್ನು ಗೊತ್ತುಪಡಿಸಲು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1990ರಲ್ಲಿ ಡೋಯಕ್ ಯೋಜನೆಯನ್ನು ತಂದು, ಬುನಾದಿಯ ‘ಓ’ ಹಂತದಿಂದ ಎಂಸಿಎಗೆ ಸಮನಾದ ‘ಬಿ’ ಹಂತ ಮತ್ತು ಅದರಾಚೆಯವರೆಗೆ ಪರೀಕ್ಷೆಗಳನ್ನು ಏರ್ಪಡಿಸಿತು. ಕಾಗದದ ಮೇಲೆ ಈ ಯೋಜನೆಯಷ್ಟು ಸಮಾನತೆಯ ದಾರಿ ಇನ್ನೊಂದಿರಲಿಲ್ಲ. ಆದರೆ ಕ್ಯಾಂಪಸ್ಸಿಗೆ ಹೋಗಿ ನೂರಾರು ಮಂದಿಯನ್ನು ಒಮ್ಮೆಗೇ ಆರಿಸುವ ಕಂಪನಿಗಳಿಗೆ, ಬಿಡಿಬಿಡಿಯಾಗಿ ಪರೀಕ್ಷೆ ಕಟ್ಟಿದವರನ್ನು ಹುಡುಕುವ ತಾಳ್ಮೆ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಪ್ರವೇಶ ಪಡೆಯುವ ದಾರಿ ಬಡ ಮತ್ತು ಕೆಳಮಧ್ಯಮ ವರ್ಗದ ಮನೆಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಪಿಯು ಕಾಲೇಜುಗಳಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ‘ಪಿಸಿಎಂಸಿ’ಯೂ ವಾಣಿಜ್ಯ ವಿಭಾಗದಲ್ಲಿ ಕಂಪ್ಯೂಟರ್ ಸೇರಿಸಿದ ಸಂಯೋಜನೆಗಳೂ ನೆಲೆಗೊಂಡ ಮೇಲೆ, ವಾಣಿಜ್ಯ ಓದಿದವರೂ ಬಿಸಿಎ ಎಂಬ ಮೂರು ವರ್ಷದ ಪದವಿಯತ್ತ ಹೊರಳಿದರು. ಎಂಸಿಎ ವ್ಯಾಸಂಗದ ಅವಧಿಯನ್ನು 2020ರಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿಸಿದ್ದು ಬಿಸಿಎ ಓದಿದವರಿಗೆ ಅನುಕೂಲವಾದರೆ, ಕಂಪ್ಯೂಟರನ್ನು ಮೊದಲ ಬಾರಿಗೆ ಅಲ್ಲಿಯೇ ಕಲಿಯಬೇಕಾದ ಇತರ ಪದವೀಧರರಿಗೆ ಹೊರೆಯಾಯಿತು. 2024–25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಬಿಸಿಎಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡದ್ದಲ್ಲದೆ, ಎಂಜಿನಿಯರಿಂಗ್ ಶಾಖೆಯೊಂದರಲ್ಲಿ ಇಷ್ಟೇ ಸೀಟು ಇರಬೇಕೆಂಬ ಮಿತಿಯನ್ನೂ ತೆಗೆದುಹಾಕಿತು. ಹೀಗಾಗಿ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸಿಕೊಳ್ಳಲು ಕಾಲೇಜುಗಳಿಗೆ ದಾರಿ ತೆರೆದಿದೆ, ಅದೇ ಕಾಲೇಜುಗಳನ್ನು ಒಂದು ಕಾಲಕ್ಕೆ ಕಟ್ಟಿಸಿದ ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳಿಗೆ ಬೇಡಿಕೆ ಇಳಿದಿದೆ.