ಜೀವಂತ ಶಿಲೆ ಕಳ್ಳಿ (ಅರಿಯೋಕಾರ್ಪಸ್ ಫಿಸುರೇಟಸ್)

ಸಾಮಾನ್ಯ ವಿವರ
ಇದು ಕ್ಯಾಕ್ಟೇಸೀ ಕುಟುಂಬಕ್ಕೆ ಸೇರಿದ ಚಿಕ್ಕ ಕಳ್ಳಿ ಗಿಡ. ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗ ಹಾಗೂ ಉತ್ತರ ಮೆಕ್ಸಿಕೋಗಳಲ್ಲಿ ಹರಡಿರುವ ಚಿವಾವಾ ಮರುಭೂಮಿಯ ಸುಣ್ಣಕಲ್ಲಿನ ನೆಲದಲ್ಲಿ ಸ್ವಾಭಾವಿಕವಾಗಿ ಬೆಳೆಯುತ್ತದೆ. ಸಸ್ಯವಿಜ್ಞಾನಿ ಜಾರ್ಜ್ ಎಂಗೆಲ್‌ಮನ್ ಇದನ್ನು 1856ರಲ್ಲಿ ಮೊದಲಿಗೆ ವಿವರಿಸಿದರು. 'ಫಿಸುರೇಟಸ್' ಎಂದರೆ ಬಿರುಕುಬಿಟ್ಟದ್ದು ಎಂದರ್ಥ.

ಬಾಹ್ಯ ಲಕ್ಷಣಗಳು
1. ಗಿಡವು ಚಪ್ಪಟೆಯಾಗಿದ್ದು, ಸಾಮಾನ್ಯವಾಗಿ 5ರಿಂದ 15 ಸೆಂ.ಮೀ. ಅಗಲವಿರುತ್ತದೆ; ನೆಲಮಟ್ಟಕ್ಕಿಂತ ಹೆಚ್ಚು ಮೇಲೇಳುವುದಿಲ್ಲ.
2. ಬೂದುಮಿಶ್ರಿತ ಹಸಿರು ಬಣ್ಣದ ತ್ರಿಕೋನಾಕಾರದ ಗುಬುಟುಗಳು ಒತ್ತೊತ್ತಾಗಿ ಜೋಡಣೆಗೊಂಡಿರುತ್ತವೆ. ಇವುಗಳ ಮೇಲ್ಮೈ ಬಿರುಕುಬಿಟ್ಟ ಕಲ್ಲಿನಂತಿರುತ್ತದೆ.
3. ಬೆಳೆದ ಗಿಡದಲ್ಲಿ ಮುಳ್ಳುಗಳಿರುವುದಿಲ್ಲ. ನಡುಭಾಗದಲ್ಲಿ ಉಣ್ಣೆಯಂತಹ ಬಿಳಿ ರೋಮಗಳಿರುತ್ತವೆ.
4. ಶರತ್ಕಾಲದಲ್ಲಿ ನಡುವಿನಿಂದ ಗುಲಾಬಿ ಅಥವಾ ನೇರಳೆಗೆಂಪು ಬಣ್ಣದ ಹೂಗಳು ಅರಳುತ್ತವೆ.
5. ನೀರನ್ನು ಸಂಗ್ರಹಿಸುವ ದಪ್ಪನೆಯ ತಾಯಿಬೇರು ನೆಲದೊಳಗಿರುತ್ತದೆ.

ಬದುಕುವ ವಿಧಾನ
ಬರಗಾಲದಲ್ಲಿ ತಾಯಿಬೇರು ಸಂಕುಚಿತಗೊಂಡು ಗಿಡವನ್ನು ಕೆಳಕ್ಕೆ ಸೆಳೆದುಕೊಳ್ಳುತ್ತದೆ. ಕಲ್ಲುಮಿಶ್ರಿತ ಮಣ್ಣಿನಲ್ಲಿ ಈ ಕ್ರಿಯೆಯು ಗಿಡವನ್ನು ಮಾರಕ ಬಿಸಿಲಿನಿಂದ ಕಾಪಾಡುತ್ತದೆಂದು 2010ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದೆ. ಹೂವಿಲ್ಲದ ಕಾಲದಲ್ಲಿ ಸುತ್ತಲಿನ ಕಲ್ಲುಗಳ ನಡುವೆ ಇದನ್ನು ಗುರುತಿಸುವುದು ಕಷ್ಟ.

ಅಪಾಯ ಮತ್ತು ರಕ್ಷಣೆ
ಪ್ರಾಣಿಗಳ ಕಣ್ಣಿಗೆ ಮರೆಯಾಗುವ ಈ ಗಿಡವು ಸಂಗ್ರಾಹಕರಿಂದ ಮರೆಯಾಗಿ ಉಳಿದಿಲ್ಲ. ಬೀಜದಿಂದ ಹೂಬಿಡುವ ಹಂತ ತಲುಪಲು ಹಲವು ವರ್ಷಗಳು ಬೇಕಾಗುವುದರಿಂದ, ಕಳ್ಳಸಾಗಣೆದಾರರು ಬೆಳೆದ ಗಿಡಗಳನ್ನೇ ಕಾಡಿನಿಂದ ಕೀಳುತ್ತಾರೆ. ಇದರಿಂದ ಬೀಜ ನೀಡುವ ಗಿಡಗಳೇ ಇಲ್ಲವಾಗಿ, ಆ ತಾಣವು ಮರಳಿ ಚೇತರಿಸಿಕೊಳ್ಳುವುದು ದುಸ್ತರವಾಗುತ್ತದೆ.

ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಅನುಬಂಧ 1ರಲ್ಲಿ ಅರಿಯೋಕಾರ್ಪಸ್ ಕುಲದ ಎಲ್ಲ ಪ್ರಭೇದಗಳನ್ನು ಸೇರಿಸಲಾಗಿದೆ. ಕಾಡಿನಿಂದ ಕಿತ್ತ ಗಿಡಗಳ ವಾಣಿಜ್ಯ ಉದ್ದೇಶದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅವಕಾಶವಿರುವುದಿಲ್ಲ. ಭಾರತವು ಈ ಒಪ್ಪಂದದ ಸದಸ್ಯ ರಾಷ್ಟ್ರವಾಗಿದ್ದು, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಮೂಲಕ ಒಪ್ಪಂದದ ಪಟ್ಟಿಗಳನ್ನು ಕಾಯ್ದೆಯ 4ನೇ ಅನುಸೂಚಿಯಲ್ಲಿ ಅಳವಡಿಸಿಕೊಂಡಿದೆ.

ಸಾರ್ವಜನಿಕರ ಗಮನಕ್ಕೆ
ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಗಿಡವನ್ನು ವಿದೇಶದಿಂದ ತರಿಸುವವರು ಸೈಟಿಸ್ ದಾಖಲೆ, ಆಮದು ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರಗಳನ್ನು ಗಿಡ ರವಾನೆಯಾಗುವ ಮುನ್ನವೇ ಪಡೆದಿರತಕ್ಕದ್ದು. ಗಾಯದ ಗುರುತುಗಳು, ಸವೆದ ಗುಬುಟುಗಳು ಹಾಗೂ ಕತ್ತರಿಸಿದ ತಾಯಿಬೇರು ಇರುವ ಗಿಡವು ಕಾಡಿನಿಂದ ಕಿತ್ತದ್ದಾಗಿರುವ ಸಂಭವವಿರುತ್ತದೆ. ಅಂತಹ ಗಿಡವನ್ನು ಕೊಳ್ಳದಿರುವುದು ಸೂಕ್ತ.