ಸ್ಟೀಪಲ್, ಸ್ಪೈರ್ ಮತ್ತು ಶಿಖರ

ಚರ್ಚಿನ ಚೌಕ ಬುರುಜು, ಅದರೊಳಗಿನ ಗಂಟೆಕೋಣೆ ಹಾಗೂ ಚೂಪು ತುದಿ ಸೇರಿದ ಒಟ್ಟು ನಿರ್ಮಾಣಕ್ಕೆ ಸ್ಟೀಪಲ್ ಎಂದು ಹೆಸರು. ಸ್ಪೈರ್ ಎಂಬುದು ಅದರ ನೆತ್ತಿಯ ಮೇಲೆ ಕಿರಿದಾಗುತ್ತ ಮೊನೆಗೊಳ್ಳುವ ಭಾಗ ಮಾತ್ರ. 1933ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ, ಸುಮಾರು 175 ಅಡಿ ಎತ್ತರದ ಜೋಡಿ ಗೋಪುರಗಳಲ್ಲಿ, ಚೌಕ ಅಂತಸ್ತುಗಳು ಮುಗಿದು ಶಿಲುಬೆ ಹೊತ್ತ ಮೊನೆ ಆರಂಭವಾಗುವ ಅಂಚನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು.

ಸೇಡಂ ಸೀಮೆಗೆ ಇಂಥ ಭೇದ ಹೊಸದೇನಲ್ಲ. ಮುಂದೆ ಇದೇ ಸೀಮೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರು ಎಲ್ಲೋರದಲ್ಲಿ ಕೊರೆಸಿದ ಕೈಲಾಸ ದೇವಾಲಯದಲ್ಲಿ, ಗರ್ಭಗುಡಿಯೂ ಅದರ ಮೇಲಿನ ಅಂತಸ್ತುಗಳೂ ಸೇರಿ ವಿಮಾನವೆನಿಸಿದರೆ, ದ್ರಾವಿಡ ಶಿಲ್ಪಶಾಸ್ತ್ರ ಶಿಖರವೆನ್ನುವುದು ತುದಿಯ ಗುಮ್ಮಟದಂಥ ಎಂಟುಮೂಲೆಯ ಭಾಗವನ್ನಷ್ಟೇ. ರೂಢಿಯಲ್ಲಿ ಎಲ್ಲವೂ ಗೋಪುರವೇ, ಶಾಸ್ತ್ರದ ಪ್ರಕಾರ ಆ ಹೆಸರು ಪ್ರಾಕಾರದ ಹೆಬ್ಬಾಗಿಲಿನದಾದರೂ.